ಪ್ರಶ್ನೋತ್ತರ: ಕಾಯಿಲೆ, ಅಂಗವೈಕಲ್ಯ ಮತ್ತು ಮನೆಯೊಳಗಿನ ದಿನ

ನಿರ್ವಾಹಕರು: ವಿಜಯಪುರದಲ್ಲಿದ್ದು ಆರೋಗ್ಯ ಮತ್ತು ಅಂಗವೈಕಲ್ಯದ ಸಮಾಜಶಾಸ್ತ್ರದಲ್ಲಿ ಸಂಶೋಧನೆ ನಡೆಸುತ್ತಿರುವ ಮೇಡಂ ಅವರು ಇಂದು ಸಂಜೆ ಗುಂಪಿನ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಅವರು ವೈದ್ಯರಲ್ಲ ಎಂಬುದು ಎಲ್ಲರ ಗಮನದಲ್ಲಿರಲಿ.

ಸದಸ್ಯ, ಜಮಖಂಡಿ: ನಮಸ್ಕಾರ ಮೇಡಂ. ವೈದ್ಯರಲ್ಲದ ಮೇಲೆ ತಾವು ಕಾಯಿಲೆಯ ಬಗ್ಗೆ ಸಂಶೋಧಿಸುವುದಾದರೂ ಏನನ್ನು?

ಸಂಶೋಧಕಿ: ನಮಸ್ಕಾರ. ಒಬ್ಬರು ಹಾಸಿಗೆ ಹಿಡಿದ ಮೇಲೆ ಆ ಮನೆಗೆ ನೀರು ತರುವ ಕೆಲಸ ಯಾರ ಪಾಲಿಗೆ ಬಂತು, ಯಾರ ಓದು ನಿಂತಿತು, ಯಾವ ಮದುವೆಗೆ ಅವರನ್ನು ಕರೆದೊಯ್ದರು, ಯಾವುದಕ್ಕೆ ಬಿಟ್ಟು ಹೋದರು ಎಂಬುದನ್ನು ಕೇಳುತ್ತೇನೆ. ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ ಶೇಕಡಾ 60 ಎಂದೇ ಬರೆದಿರುವ ಇಬ್ಬರಲ್ಲಿ ಒಬ್ಬರ ಶೌಚಾಲಯ ನಾಲ್ಕು ಮೆಟ್ಟಿಲು ಮೇಲಿದ್ದು, ಇನ್ನೊಬ್ಬರದ್ದು ನೆಲಮಟ್ಟದಲ್ಲಿದ್ದರೆ ಅವರಿಬ್ಬರ ದಿನಗಳು ಬೇರೆಯೇ ಆಗಿರುತ್ತವೆ. ವೈದ್ಯರು ಅಳೆಯುವುದು ದೇಹವನ್ನು. ಆ ದಿನವನ್ನು ಯಾರೂ ಅಳೆಯುವುದಿಲ್ಲ.

ಸದಸ್ಯೆ, ಗೋಕಾಕ: ಯುಡಿಐಡಿ ಕಾರ್ಡನ್ನು, ಅಂದರೆ ಅಂಗವಿಕಲರ ಗುರುತಿನ ಚೀಟಿಯನ್ನು, ಎಲ್ಲಿ ಮಾಡಿಸಬೇಕು ಮೇಡಂ?

ಸಂಶೋಧಕಿ: ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಿರಿ.

ಸದಸ್ಯ, ಇಳಕಲ್: ಮೇಡಂ, ನಮ್ಮ ಅಣ್ಣನವರಿಗೆ 46 ವರ್ಷ. ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತವು. ಈಗ ಗೋಡೆ ಹಿಡಿದು ನಡೆಯುತ್ತಾರೆ, ಮಾತು ಸ್ಪಷ್ಟವಾಗಿದೆ, ಎಡಗೈಯಲ್ಲಿ ತಾವೇ ಗಡ್ಡ ಮಾಡಿಕೊಳ್ಳುತ್ತಾರೆ. ಆದರೆ ಬಾಗಿಲ ಬಳಿ ಯಾರಾದರೂ ಚಪ್ಪಲಿ ಬಿಡುವ ಸದ್ದಾದ ಕೂಡಲೇ ಹೋಗಿ ಮಲಗಿ ಕೌದಿ ಹೊದ್ದುಕೊಳ್ಳುತ್ತಾರೆ. ಬಂದವರು ಹೋದ ಮೇಲೆ ಎದ್ದು ಕೂರುತ್ತಾರೆ. ಮಗ್ಗದಲ್ಲಿ ಈಗ ಅತ್ತಿಗೆ ಕೂರುತ್ತಾರೆ. ದುಡಿಮೆ ತಪ್ಪಿಸಿಕೊಳ್ಳಲು ಹೂಡಿದ ನಾಟಕವಿದು ಎಂದು ಅವ್ವ ಬೈಯುತ್ತಾಳೆ. ಇದು ಮನಸ್ಸಿನ ಕಾಯಿಲೆಯೇ?

ಸದಸ್ಯ, ಮುಧೋಳ: ಬಂದ ಸಂದೇಶವನ್ನು ಹಾಗೆಯೇ ಕಳಿಸುತ್ತಿದ್ದೇನೆ. ಲಕ್ವಾ ಹೊಡೆದ ತಕ್ಷಣ ಹತ್ತೂ ಬೆರಳುಗಳ ತುದಿಗೆ ಸೂಜಿ ಚುಚ್ಚಿ ರಕ್ತ ಹರಿಸಿದರೆ ರೋಗಿ ಎದ್ದು ಕೂರುತ್ತಾನೆ. ಎಲ್ಲರಿಗೂ ತಲುಪಿಸಿ.

ಸಂಶೋಧಕಿ: ಯಾರಿಗೂ ತಲುಪಿಸಬೇಡಿ, ಅಳಿಸಿ. ರಕ್ತ ಹೆಪ್ಪುಗಟ್ಟಿ ಬಂದ ಲಕ್ವಾಕ್ಕೆ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಮನೆಯವರು ಸೂಜಿ ಹುಡುಕುತ್ತ ಕೂತರೆ ಹೋಗುವುದು ಆ ಸಮಯವೇ. 108ಕ್ಕೆ ಕರೆ ಮಾಡುವುದನ್ನು ಬಿಟ್ಟು ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆ ಯಾವುದೂ ಇಲ್ಲ.

ಇಳಕಲ್ಲಿನ ಸದಸ್ಯರಿಗೆ: ಲಕ್ವಾದ ನಂತರ ಖಿನ್ನತೆ ಬರುವುದು ಅಪರೂಪವಲ್ಲ, ಅದು ಹೌದೋ ಅಲ್ಲವೋ ಎಂಬುದನ್ನು ಮನೋವೈದ್ಯರು ಹೇಳಬೇಕು, ಒಮ್ಮೆ ತೋರಿಸಿರಿ. ಆದರೆ ನಾಟಕ ಎಂಬುದನ್ನು ನಾನು ಒಪ್ಪಲಾರೆ. ದುಡಿಮೆ ತಪ್ಪಿಸಿಕೊಳ್ಳುವ ಉದ್ದೇಶವಿದ್ದರೆ ಅವರು ಮಲಗಬೇಕಾದದ್ದು ಅವ್ವನ ಎದುರು, ಹೆಂಡತಿಯ ಎದುರು; ಬಂದು ಹೋಗುವವರ ಎದುರಲ್ಲ.

ಬಂದವರಿಗೆ ನಿಮ್ಮ ಮನೆಯಲ್ಲಿ ಚಹಾ ಕೊಡುತ್ತೀರಿ. ಕೂತಿದ್ದರೆ ಅಣ್ಣನವರ ಮುಂದೆಯೂ ಒಂದು ಕಪ್ಪು ಬರುತ್ತದೆ. ಅದನ್ನು ಅವರು ಯಾವ ಕೈಯಲ್ಲಿ ತೆಗೆದುಕೊಳ್ಳಬೇಕು? ಎಡಗೈ ಚಾಚಿದ ಮಗುವನ್ನು ಗದರಿಸಿ ತಿದ್ದುವ ಸಮಾಜ ನಮ್ಮದು. ಬಲಗೈ ಸೋತವರು ಮನೆಯವರೆದುರು ಎಡಗೈಯಲ್ಲಿ ರೊಟ್ಟಿ ಮುರಿಯಲು ಹೇಗೋ ಒಗ್ಗಿಕೊಂಡರೂ ಪಂಕ್ತಿಯಲ್ಲಿ ಕೂರುವುದನ್ನು ಬಿಟ್ಟುಬಿಡುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಮಲಗಿದವನ ಮುಂದೆ ಯಾರೂ ಕಪ್ಪು ಹಿಡಿಯುವುದಿಲ್ಲ, ತಟ್ಟೆ ಇಡುವುದಿಲ್ಲ, ಯಾವಾಗ ಮಗ್ಗಕ್ಕೆ ಇಳಿಯುತ್ತೀ ಎಂದೂ ಕೇಳುವುದಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ 1951ರಲ್ಲಿ ರೋಗಿಯಾಗಿರುವುದನ್ನೂ ಒಂದು ಸಾಮಾಜಿಕ ಪಾತ್ರವೆಂದು ವಿವರಿಸಿದರು: ರೋಗಿಗೆ ದುಡಿಮೆಯಿಂದ ವಿನಾಯಿತಿ ಸಿಗುತ್ತದೆ, ಪ್ರತಿಯಾಗಿ ಅವನು ಗುಣವಾಗಲು ಪ್ರಯತ್ನಿಸಬೇಕು. ವಾರದ ಜ್ವರಕ್ಕೆ ಈ ಲೆಕ್ಕ ಸರಿಹೋಗುತ್ತದೆ. ಪೂರ್ತಿ ಗುಣವೂ ಆಗದೆ, ಪೂರ್ತಿ ಹಾಸಿಗೆಯನ್ನೂ ಹಿಡಿಯದೆ ಇರುವವರಿಗೆ ಸರಿಹೋಗುವುದಿಲ್ಲ ಎಂಬುದು ಅದರ ಮೇಲಿನ ಹಳೆಯ ಆಕ್ಷೇಪ. ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಮೈಕೆಲ್ ಬರಿ ಸಂಧಿವಾತದ ರೋಗಿಗಳನ್ನು ಮಾತನಾಡಿಸಿ 1982ರಲ್ಲಿ ಬರೆದದ್ದು ನಿಮ್ಮ ಅಣ್ಣನವರಿಗೆ ಹೆಚ್ಚು ಹತ್ತಿರವಾಗಿದೆ. ದೀರ್ಘಕಾಲದ ಕಾಯಿಲೆಯಿಂದ ಮನುಷ್ಯ ತನ್ನ ಬದುಕು ಹೀಗೆ ಸಾಗುತ್ತದೆ ಎಂದುಕೊಂಡಿದ್ದ ದಾರಿಯೇ ಕಡಿದುಹೋಗುತ್ತದೆ ಎಂದು ಅವರು ತೋರಿಸಿದರು. ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಕೂಡಿಸುತ್ತಿದ್ದ ಕೈ ಅದು. ಈಗ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಹೆಂಡತಿಯನ್ನು ಬಂದವರು ಮೊದಲು ನೋಡುತ್ತಾರೆ, ಆಮೇಲೆ ಇವರತ್ತ ತಿರುಗುತ್ತಾರೆ.

ಅಂದ ಹಾಗೆ, ಅತ್ತಿಗೆಯ ಬಗ್ಗೆ ನೀವು ಬರೆದದ್ದು ಒಂದೇ ವಾಕ್ಯ. ನೇಯ್ಗೆಯ ಜೊತೆಗೆ ಅಡಿಗೆ, ನೀರು, ಅಣ್ಣನವರ ಸ್ನಾನ ಯಾರ ಪಾಲಿಗಿವೆ ಎಂದು ಕೇಳಬಹುದೇ?

ಸದಸ್ಯ, ರಾಮದುರ್ಗ: ಯುಡಿಐಡಿ ಕಾರ್ಡ್ ಮಾಡಿಸುವ ವಿಧಾನವನ್ನು ದಯವಿಟ್ಟು ತಿಳಿಸಿ.

ಸಂಶೋಧಕಿ: ಮೇಲೆ ಹೇಳಿದ್ದೇನೆ.

ಸದಸ್ಯ, ಹುನಗುಂದ: ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಮೊಣಕಾಲು ಬಾಗಿದವರಿಗೂ ಪ್ರಮಾಣಪತ್ರ ಸಿಗುತ್ತದೆಯೇ ಮೇಡಂ?

ಸದಸ್ಯ, ಅಥಣಿ: ಪ್ರಮಾಣಪತ್ರದ ಮಾತು ಬಂದಿದ್ದರಿಂದ ಹೇಳುತ್ತೇನೆ. ನಮ್ಮ ಊರಲ್ಲಿ ಮಾಸಾಶನ ಪಡೆಯುವವರಲ್ಲಿ ಅರ್ಧದಷ್ಟು ಜನ ನೆಟ್ಟಗೆ ನಡೆದಾಡುತ್ತಾರೆ. ಇವರ ಬಗ್ಗೆ ಯಾಕೆ ಯಾರೂ ಸಂಶೋಧನೆ ಮಾಡುವುದಿಲ್ಲ?

ಸದಸ್ಯೆ, ಬಸವನ ಬಾಗೇವಾಡಿ: ನನ್ನ ಮಗನೂ ನೆಟ್ಟಗೆ ನಡೆಯುತ್ತಾನೆ, ಅವನಿಗೆ ಕಿವಿ ಕೇಳಿಸುವುದಿಲ್ಲ. ಪಾಸ್ ತೋರಿಸಿದರೂ ಬಸ್ಸಿನಲ್ಲಿ ಇದೇ ಮಾತು ಕೇಳಬೇಕಾಗುತ್ತದೆ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ 21 ಇವೆ. ಅವುಗಳಲ್ಲಿ ಎಷ್ಟು ತಮ್ಮ ಕಣ್ಣಿಗೆ ಕಾಣುತ್ತವೆ?

ಸದಸ್ಯ, ಅಥಣಿ: ನಾನು ತಮ್ಮ ಮಗನ ಬಗ್ಗೆ ಹೇಳಲಿಲ್ಲ ಅಕ್ಕಾ. ಆದರೆ ಸೋದರಮಾವನಿಗೇ ಕೊಟ್ಟು ಮದುವೆ ಮಾಡುವ ಮನೆಗಳಲ್ಲಿ ಇದು ತಪ್ಪದು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಸದಸ್ಯೆ, ಬಸವನ ಬಾಗೇವಾಡಿ: ನನ್ನ ಮದುವೆ ಯಾರೊಡನೆ ಆಯಿತೆಂದು ನಾನು ಇಲ್ಲಿ ಬರೆದಿರಲಿಲ್ಲ. ತಮಗೆ ಅಷ್ಟು ತಿಳಿದಿದ್ದರೆ ಮಾತು ನಿಶ್ಚಯಿಸಿದ ಹಿರಿಯರನ್ನು ಹೋಗಿ ಕೇಳಿರಿ. ಆಗ ನನಗೆ ಹದಿನೇಳು ವರ್ಷ.

ಸದಸ್ಯ, ಜಮಖಂಡಿ: ಇಬ್ಬರೂ ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯದು.

ಸದಸ್ಯೆ, ಬಸವನ ಬಾಗೇವಾಡಿ: ಇಬ್ಬರೂ ಎಂದರೇನು? ಶುರು ಮಾಡಿದವರು ಒಬ್ಬರೇ.

ಸಂಶೋಧಕಿ: ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು ಎಂಬುದು ನಿಜ, ತಪ್ಪದು ಎಂಬುದು ಸುಳ್ಳು. ಅಂಥ ಕಿವುಡಿನಲ್ಲಿ ದೋಷವುಳ್ಳ ವಂಶವಾಹಿ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಬಂದಿರುತ್ತದೆ. ಹೀಗಿದ್ದರೂ ಉತ್ತರ ಕೊಡಬೇಕಾದವಳು ಹೆತ್ತವಳೇ ಎಂದು ಸಂಬಂಧ ಕೂಡಿಸಿದವರೂ ಭಾವಿಸುತ್ತಾರೆ, ಅಥಣಿಯವರೂ ಭಾವಿಸಿದ್ದಾರೆ.

ಸದಸ್ಯ, ಅಥಣಿ: ಮೇಡಂ ಪಕ್ಷ ವಹಿಸಿ ಮಾತನಾಡುತ್ತಿದ್ದಾರೆ.

ಸಂಶೋಧಕಿ: ಹೌದು.

ಸದಸ್ಯ, ಮುಧೋಳ: ಇಳಕಲ್ಲಿನವರು ಪಾರಿವಾಳದ ರಕ್ತ ಹಚ್ಚಿ ತಿಕ್ಕಿ ನೋಡಬಹುದು. ನಮ್ಮ ಕಾಕಾ ಅವರಿಗೆ ಗುಣ ಕಂಡಿತ್ತು.

ಸಂಶೋಧಕಿ: ಲಕ್ವಾ ಹೊಡೆದ ಮೊದಲ ತಿಂಗಳುಗಳಲ್ಲಿ ಹಲವರಿಗೆ ತಾನಾಗಿಯೂ ವ್ಯಾಯಾಮದಿಂದಲೂ ಒಂದಿಷ್ಟು ಗುಣ ಕಾಣುತ್ತದೆ, ಆ ಹೆಸರನ್ನು ಪಾರಿವಾಳ ಪಡೆಯುತ್ತದೆ. ಫಿಸಿಯೋಥೆರಪಿಗೆ ಹೋಗಬೇಕಾದ ದಿನಗಳು ರಕ್ತ ತಿಕ್ಕುವುದರಲ್ಲಿ ಕಳೆದವೆಂದರೆ ಮರಗಟ್ಟಿದ ಕೀಲನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ. ಇಂಥ ಮೂರನೆಯ ಸಂದೇಶ ಬಂದರೆ ನಾನು ಇಲ್ಲಿಂದ ಹೊರಡುತ್ತೇನೆ.

ಸದಸ್ಯೆ, ಇಂಡಿ: ಮೇಡಂ, ಯುಡಿಐಡಿ ಕಾರ್ಡ್...

ಸದಸ್ಯ, ಇಳಕಲ್: ಎಲ್ಲವೂ ಅತ್ತಿಗೆಯ ಪಾಲಿಗೇ ಇವೆ ಮೇಡಂ, ಬರೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ತಾವು ಹೇಳಿದ ಹಾಗೆ ಅಣ್ಣ ಮಗಳ ನಿಶ್ಚಿತಾರ್ಥದಲ್ಲೂ ಹಸಿವಿಲ್ಲ ಎಂದು ಪಂಕ್ತಿಗೆ ಬರಲಿಲ್ಲ. ಆದರೆ ಗೆಳೆಯರು ಫೋನ್ ಮಾಡಿದರೂ ಮಾತನಾಡುವುದಿಲ್ಲ. ಫೋನಿನಲ್ಲಿ ಕೈ ಕಾಣುವುದಿಲ್ಲವಲ್ಲ?

ಸಂಶೋಧಕಿ: ಕಾಣುವುದಿಲ್ಲ, ಆದ್ದರಿಂದ ಚಹಾದ ಕಪ್ಪೊಂದರಿಂದಲೇ ಇದನ್ನು ವಿವರಿಸಲಾಗದು. ಮನೋವೈದ್ಯರ ಭೇಟಿಯನ್ನು ಈ ವಾರವೇ ಇಟ್ಟುಕೊಳ್ಳಿ. ಜೊತೆಗೆ ಹೋಗುವವರು ಅವ್ವ ಆಗಿರುವುದು ಬೇಡ.

ಸದಸ್ಯ, ಇಳಕಲ್: ಅವರು ಕೌದಿ ಹೊದ್ದು ಮಲಗುವುದನ್ನು ವಿಡಿಯೋ ಮಾಡಿ ತಮಗೆ ಕಳಿಸಲೇ? ತಮ್ಮ ಸಂಶೋಧನೆಗೂ ಅನುಕೂಲವಾಗಬಹುದು.

ಸಂಶೋಧಕಿ: ಬೇಡ. ನನಗೂ ಬೇಡ, ಈ ಗುಂಪಿಗಂತೂ ಬೇಡವೇ ಬೇಡ. ಅವರು ಮರೆಮಾಡುತ್ತಿರುವುದನ್ನೇ ಅವರ ಒಪ್ಪಿಗೆಯಿಲ್ಲದೆ ಸೆರೆಹಿಡಿದು ಕಳಿಸಿದರೆ ಅದು ಸಂಶೋಧನೆಯಾಗುವುದಿಲ್ಲ. ಅವರಿಗೆ ಮಾತನಾಡುವ ಮನಸ್ಸಿದ್ದರೆ ನಾನೇ ಇಳಕಲ್ಲಿಗೆ ಬರುತ್ತೇನೆ. ಅತ್ತಿಗೆಯವರನ್ನೂ ಬೇರೆಯಾಗಿ ಕೇಳಿರಿ, ಅವರು ಒಪ್ಪುತ್ತಾರೆಂದು ನೀವೇ ಹೇಳಿಬಿಡಬೇಡಿ.