ವಕೀಲರನ್ನ ಕೇಳಿ: ಇಡೀ ಸಂವಿಧಾನಾನ ಜನರ ಓಟಿಗೆ ಹಾಕೋದು ಅಂದ್ರೆ ಏನು, ನಮ್ಮಲ್ಲಿ ಯಾಕೆ ಹಾಕ್ಲಿಲ್ಲ?

ಪ್ರಶ್ನೆ (ವಿಜಯನಗರದಿಂದ, ಕೆಎಎಸ್‌ಗೆ ಓದ್ತಿರೋರು):

ಮೇಡಂ ನಮಸ್ತೆ. ನಿನ್ನೆ ಲೈಬ್ರರಿ ಹೊರಗಡೆ ಟೀ ಕುಡೀತಾ ಫ್ರೆಂಡ್ಸ್ ಜೊತೆ ದೊಡ್ಡ ವಾದ ಆಗೋಯ್ತು. ಚಿಲಿ ದೇಶದಲ್ಲಿ 2022ರಲ್ಲಿ ಹೊಸ ಸಂವಿಧಾನದ ಕರಡು ಬರೆದು ಬೇಕಾ ಬೇಡ್ವಾ ಅಂತ ಜನರನ್ನೇ ಕೇಳಿದ್ರು, ಜನ ಬೇಡ ಅಂದ್ರು, ಮತ್ತೆ 2023ರಲ್ಲಿ ಬೇರೆ ಕರಡು ತಂದು ಕೇಳಿದ್ರು, ಅದನ್ನೂ ಬೇಡ ಅಂದ್ರು. ನನ್ನ ಫ್ರೆಂಡ್ ಹೇಳೋದು ಪ್ರಜಾಪ್ರಭುತ್ವ ಅಂದ್ರೆ ಇದು, ನಮ್ಮ ಸಂವಿಧಾನಕ್ಕೆ ಯಾರೂ ಓಟೇ ಹಾಕಿಲ್ಲ, ಮತ್ತೆ ಪೀಠಿಕೇಲಿ ಜನರ ಹೆಸರು ಬರ್ಕೊಂಡಿರೋದು ಹೇಗೆ ಸರಿ ಅಂತ. ನಂಗೆ ಒಪ್ಪೋಕಾಗ್ಲಿಲ್ಲ, ಆದ್ರೆ ಬಾಯಿಗೆ ಉತ್ತರನೂ ಬರ್ಲಿಲ್ಲ. ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ (ವಕೀಲರು, ಹೈಕೋರ್ಟಲ್ಲಿ ಪ್ರಾಕ್ಟೀಸ್):

ನಿಮ್ಮ ಫ್ರೆಂಡ್ ಹೇಳಿದ್ರಲ್ಲಿ ಒಂದು ಮಾತು ಸರಿ ಇದೆ, ಅದನ್ನ ಮೊದ್ಲೇ ಒಪ್ಕೊಂಡುಬಿಡೋಣ. ನಮ್ಮ ಸಂವಿಧಾನ 1949ರ ನವೆಂಬರ್ 26ಕ್ಕೆ ಅಂಗೀಕಾರ ಆಗಿದ್ದು ಸಂವಿಧಾನ ಸಭೇಲಿ, ಜನರ ಓಟಿಗೆ ಹೋಗ್ಲೇ ಇಲ್ಲ. ಆ ಸಭೇನೂ ಎಲ್ಲರೂ ಓಟು ಹಾಕಿ ಆರಿಸಿದ್ದಲ್ಲ. 1946ರಲ್ಲಿ ಪ್ರಾಂತ್ಯಗಳ ಶಾಸನಸಭೆಗಳು ಆರಿಸಿ ಕಳಿಸಿದ್ದು, ಆ ಶಾಸನಸಭೆಗಳಿಗೆ ಓಟು ಹಾಕಿದ್ದೋರು ಆಸ್ತಿನೋ ತೆರಿಗೆನೋ ಓದೋ ಏನಾದ್ರೂ ಒಂದು ಅರ್ಹತೆ ಇದ್ದ ಜನ ಮಾತ್ರ. ಈ ಆಕ್ಷೇಪ ಹೊಸದೂ ಅಲ್ಲ, 1948ರ ನವೆಂಬರಲ್ಲಿ ಕರಡಿನ ಚರ್ಚೆ ಶುರು ಆದಾಗ್ಲೇ ಸೇಠ್ ದಾಮೋದರ್ ಸ್ವರೂಪ್ ಅನ್ನೋ ಸದಸ್ಯರು ಎದ್ದು, ಈ ಸಭೆ ಇಡೀ ದೇಶದ ಜನರನ್ನ ಪ್ರತಿನಿಧಿಸಲ್ಲ, ವಯಸ್ಕರೆಲ್ಲ ಓಟು ಹಾಕಿ ಹೊಸ ಸಭೆ ಆರಿಸ್ಲಿ, ಅದು ಸಂವಿಧಾನ ಮಾಡ್ಲಿ ಅಂತ ನಿರ್ಣಯಾನೇ ತಂದಿದ್ರು. ಸಭೆ ಒಪ್ಲಿಲ್ಲ.

ಆದ್ರೆ ಆಗ ಓಟಿಗೆ ಹಾಕ್ಬೇಕು ಅಂದಿದ್ರೂ ಮತದಾರರ ಪಟ್ಟಿ ಎಲ್ಲಿತ್ತು ಹೇಳಿ. 21 ತುಂಬಿದ ಎಲ್ಲರ ಹೆಸರು ಬರೆಯೋ ಕೆಲಸ ಆಗಿನ್ನೂ ನಡೀತಿತ್ತು, ಮುಗಿಯೋ ಹೊತ್ತಿಗೆ ಅದ್ರಲ್ಲಿ 17 ಕೋಟಿಗೂ ಹೆಚ್ಚು ಜನ. ಎಷ್ಟೋ ಕಡೆ ಹೆಂಗಸರು ಹೆಸರು ಹೇಳ್ದೆ ಇಂಥವರ ಹೆಂಡ್ತಿ, ಇಂಥವರ ತಾಯಿ ಅಂತ ಬರೆಸಿದ್ರು, ಹಾಗಾಗಿ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದ್ರು, ನಂಗೆ ಇದು ಓದಿದಾಗೆಲ್ಲ ಸಂಕಟ ಆಗುತ್ತೆ. 1951ರ ಜನಗಣತಿ ಪ್ರಕಾರ ಓದು ಬರಹ ಬರ್ತಿದ್ದೋರು ನೂರಕ್ಕೆ 18 ಜನ. ದೇಶ ಇಬ್ಭಾಗ ಆಗಿ ಲಕ್ಷಾಂತರ ಜನ ಮನೆ ಮಠ ಬಿಟ್ಟು ಬಂದಿದ್ರು. ಇಂಥ ಹೊತ್ತಲ್ಲಿ ಸಭೆಯೋರು ಬೇರೆ ದಾರಿ ಹಿಡಿದ್ರು: 1948ರ ಫೆಬ್ರವರೀಲಿ ಕರಡು ಪ್ರಕಟ ಮಾಡಿ ಜನ ಅಭಿಪ್ರಾಯ ಹೇಳ್ಲಿ ಅಂತ ತಿಂಗಳುಗಟ್ಟಲೆ ಬಿಟ್ರು. ಅಂಬೇಡ್ಕರ್ ನವೆಂಬರ್ 4ಕ್ಕೆ ಅದನ್ನ ಸಭೆ ಮುಂದಿಡುವಾಗ ಎಂಟು ತಿಂಗಳಿಂದ ಇದು ಸಾರ್ವಜನಿಕರ ಮುಂದಿದೆ ಅಂತ ನೆನಪಿಸಿದ್ರು. ತಿದ್ದುಪಡಿ ಸೂಚನೆಗಳು ಬಂದಿದ್ದು 7,635, ಮಂಡನೆ ಆಗಿ ಚರ್ಚೆ ಆಗಿದ್ದು 2,473. ಒಂದೊಂದು ವಾಕ್ಯಕ್ಕೂ ಜಗಳ ಆಡಿದಾರೆ. ಜನಮತಗಣನೇಲಿ, ಅಂದ್ರೆ ಜನರೇ ನೇರವಾಗಿ ಹಾಕೋ ಓಟಲ್ಲಿ, ಈ ಸೌಲಭ್ಯ ಇರಲ್ಲ, ಅಲ್ಲಿ ಇಡೀ ಪುಸ್ತಕಕ್ಕೆ ಒಂದೇ ಹೂಂ, ಇಲ್ಲಾ ಒಂದೇ ಊಹೂಂ.

ಇನ್ನೊಂದು ಕಡೆಯಿಂದ ನೋಡಿ. ಓಟು ಬಿತ್ತು ಅಂದ ಮಾತ್ರಕ್ಕೆ ಅದು ಜನರ ಸಂವಿಧಾನ ಆಗ್ಬಿಡುತ್ತಾ? ಚಿಲಿ ಜನ ಬದಲಾಯಿಸೋಕೆ ಒದ್ದಾಡಿದ ಹಳೇ ಸಂವಿಧಾನ ಇದ್ಯಲ್ಲ, ಅದಕ್ಕೂ ಜನರ ಓಟು ಬಿದ್ದಿತ್ತು! 1980ರ ಸೆಪ್ಟೆಂಬರ್ 11, ಪಿನೊಚೆ ಸರ್ವಾಧಿಕಾರಿ ಆಗಿದ್ದಾಗ, ಮತದಾರರ ಪಟ್ಟಿ ಇಲ್ದೆ, ವಿರೋಧಿಗಳಿಗೆ ಬಾಯಿ ಬಿಡೋ ಅವಕಾಶ ಇಲ್ದೆ ನಡೆದ ಓಟು. ಮ್ಯಾನ್ಮಾರಲ್ಲಿ 2008ರ ಮೇ ಮೊದಲ ವಾರ ನರ್ಗಿಸ್ ಚಂಡಮಾರುತ ಬಡಿದು ಊರೂರೇ ಕೊಚ್ಚಿಹೋಗಿತ್ತು, ಮಿಲಿಟರಿಯೋರು ಮೇ 10ಕ್ಕೇ ಜನಮತಗಣನೆ ನಡೆಸಿದ್ರು, ತೀರಾ ಹಾಳಾದ ಜಾಗಗಳಿಗೆ ಮಾತ್ರ ಎರಡು ವಾರ ಮುಂದಕ್ಕೆ ಹಾಕಿದ್ರು, ಆಮೇಲೆ ಶೇ. 92 ಜನ ಹೂಂ ಅಂದ್ರು ಅಂತ ಘೋಷಿಸಿದ್ರು. ಹೆಣ ಇನ್ನೂ ನೀರಲ್ಲಿ ತೇಲ್ತಿರುವಾಗ ಅಂಥ ಓಟಿಗೆ ಏನು ಬೆಲೆ.

ಅದಕ್ಕೇ ಯಾವ ದೇಶದ ಜನಮತಗಣನೆ ಬಗ್ಗೆ ಓದಿದ್ರೂ ಒಂದು ಪ್ರಶ್ನೆ ಹಾಕ್ಕೊಳ್ಳಿ: ಬೇಡ ಅನ್ನೋದು ಗೆದ್ರೆ ಮಾರನೇ ದಿನ ಏನಾಗುತ್ತೆ? ಫ್ರಾನ್ಸಲ್ಲಿ 1946ರ ಮೇ ತಿಂಗಳಲ್ಲಿ ಜನ ಕರಡನ್ನ ತಿರಸ್ಕರಿಸಿದ್ರು, ಹೊಸ ಸಭೆ ಆರಿಸಿದ್ರು, ಅಕ್ಟೋಬರಲ್ಲಿ ಎರಡನೇ ಕರಡು ಪಾಸಾಯ್ತು. ಅಲ್ಲಿ ಬೇಡ ಅನ್ನೋದು ಇನ್ನೊಂದ್ಸಲ ಬರೀರಿ ಅಂತ ಹೇಳೋ ದಾರಿ ಆಗಿತ್ತು. ಬೇಡ ಅಂದೋರು ಮಾರನೇ ದಿನ ಹೆದರ್ಕೊಂಡು ಬದುಕ್ಬೇಕಾದ ಕಡೆ ಹೂಂ ಅಂದ ಸಂಖ್ಯೆಗೆ ಅರ್ಥ ಇಲ್ಲ, ನಾನು ಇದನ್ನ ಗಟ್ಟಿಯಾಗಿ ನಂಬ್ತೀನಿ.

ಪ್ರಶ್ನೆ (ಬಸವನಗುಡಿ, ನಿವೃತ್ತ ಹೈಸ್ಕೂಲ್ ಮೇಷ್ಟ್ರು):

ವಕೀಲರೇ, ಓದು ಬಾರದವರ ಮಾತು ಬಂತು. ಹಾಗಾದರೆ ಓದು ಬಾರದ ಜನ ಇರೋ ದೇಶದಲ್ಲಿ ಇದು ಸಾಧ್ಯಾನೇ ಇಲ್ವೇ? ಇನ್ನೊಂದು, ನಮ್ಮ ಮೈಸೂರು ಸಂಸ್ಥಾನದ ಜನರ ಒಪ್ಪಿಗೆ ಹೇಗೆ ಪಡೆದರು ಅಂತ ಈಗಿನ ಹುಡುಗರಿಗೆ ಸ್ವಲ್ಪ ತಿಳಿಸಿ.

ಉತ್ತರ:

ಮೇಷ್ಟ್ರೇ, ಸಾಧ್ಯ ಇದೆ, ಕೀನ್ಯಾದವರು ಮಾಡಿ ತೋರ್ಸಿದಾರೆ. 2005ರಲ್ಲಿ ಅಲ್ಲಿ ಹೊಸ ಸಂವಿಧಾನಕ್ಕೆ ಓಟು ನಡೆದಾಗ ಬೇಕು ಅನ್ನೋದಕ್ಕೆ ಬಾಳೆಹಣ್ಣು, ಬೇಡ ಅನ್ನೋದಕ್ಕೆ ಕಿತ್ತಳೆ ಚಿಹ್ನೆ. ಕಿತ್ತಳೆ ಗೆದ್ದಿತು. ಅಧ್ಯಕ್ಷ ಕಿಬಾಕಿ ಸಿಟ್ಟಿಗೆದ್ದು ಇಡೀ ಮಂತ್ರಿಮಂಡಲಾನೇ ಮನೆಗೆ ಕಳಿಸಿದ್ರು. ಸಂವಿಧಾನದ ಓಟು ಅಂತ ಶುರುವಾಗಿದ್ದು ಯಾರ ಪಾರ್ಟಿ, ಯಾರ ಬುಡಕಟ್ಟು ಅನ್ನೋ ಕುಸ್ತಿ ಆಗಿಹೋಗಿತ್ತು. 2007ರ ಕೊನೇಲಿ ಚುನಾವಣೆ ಆದ್ಮೇಲೆ ಗಲಭೆ ಎದ್ದು ಸಾವಿರಕ್ಕೂ ಹೆಚ್ಚು ಜನ ಸತ್ರು, ಆಗ ಎಲ್ರಿಗೂ ಇನ್ನು ತಡ ಮಾಡಬಾರದು ಅಂತ ಅನ್ನಿಸ್ತು. 2010ರ ಆಗಸ್ಟ್ 4ಕ್ಕೆ ಮತ್ತೆ ಓಟು, ಈ ಸಲ ಹಸಿರು ಅಂದ್ರೆ ಬೇಕು, ಕೆಂಪು ಅಂದ್ರೆ ಬೇಡ. ಮೂರರಲ್ಲಿ ಎರಡು ಪಾಲು ಜನ ಹಸಿರಿಗೆ ಹಾಕಿದ್ರು. ನಂಗೆ ತುಂಬಾ ಹಿಡಿಸಿದ್ದು ಅವರ ಲೆಕ್ಕದ ನಿಯಮ. ದೇಶದಲ್ಲಿ ಒಟ್ಟು ಅರ್ಧಕ್ಕಿಂತ ಜಾಸ್ತಿ ಬಿದ್ರೆ ಸಾಲ್ದು, ಎಂಟು ಪ್ರಾಂತ್ಯಗಳಲ್ಲಿ ಕನಿಷ್ಠ ಐದರಲ್ಲಿ ಶೇ. 25ರಷ್ಟಾದ್ರೂ ಬೇಕು ಅನ್ನೋ ಓಟು ಬೀಳ್ಬೇಕಿತ್ತು. ದೊಡ್ಡ ಸಮುದಾಯದೋರು ಸೇರ್ಕೊಂಡು ಮಿಕ್ಕವರ ಮೇಲೆ ಹೇರೋಕಾಗ್ಬಾರ್ದು ಅಂತ. ಸ್ವಿಟ್ಜರ್ಲೆಂಡಲ್ಲೂ ಹೀಗೇ, 1999ರಲ್ಲಿ ಅವರು ಪೂರ್ತಿ ಸಂವಿಧಾನ ಹೊಸದಾಗಿ ಬರೆದಾಗ ಜನರ ಬಹುಮತನೂ ಬೇಕಿತ್ತು, ಕ್ಯಾಂಟನ್ ಅಂದ್ರೆ ಅವರ ರಾಜ್ಯಗಳ ಬಹುಮತನೂ ಬೇಕಿತ್ತು.

ಮೈಸೂರಿನ ವಿಷಯ ಕೇಳಿದ್ದು ಒಳ್ಳೇದಾಯ್ತು. 1947ರ ಸೆಪ್ಟೆಂಬರಲ್ಲಿ ಮೈಸೂರು ಚಲೋ ನಡೆದಿದ್ದೇ ಜನರ ಸರ್ಕಾರ ಬೇಕು ಅಂತ, ಅಕ್ಟೋಬರಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಮೈಸೂರಿಗೇ ಬೇರೆ ಸಂವಿಧಾನ ಮಾಡೋಕೆ ಅಂತ ಇಲ್ಲೂ ಒಂದು ಸಂವಿಧಾನ ಸಭೆ ಇತ್ತು. ಕೊನೆಗೆ ಬೇರೆ ಬೇಡ, ಭಾರತದ ಸಂವಿಧಾನಾನೇ ನಮಗೂ ಸಾಕು ಅಂತಾಯ್ತು, ಮಹಾರಾಜರು 1949ರ ನವೆಂಬರ್ 25ಕ್ಕೆ ಅದನ್ನ ಒಪ್ಪಿ ಘೋಷಣೆ ಹೊರಡಿಸಿದ್ರು. ದೆಹಲಿ ಸಭೇಲಿ ನಮ್ಮ ಕಡೆಯಿಂದ ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ ಇವರೆಲ್ಲ ಇದ್ರು. ವಿಧಾನಸೌಧದ ಮುಂದೆ ಓಡಾಡೋ ನಮ್ಮ ಮಕ್ಕಳಿಗೆ ಅದನ್ನ ಕಟ್ಟಿಸಿದೋರು ಸಂವಿಧಾನಾನೂ ಕಟ್ಟೋಕೆ ಕೂತಿದ್ರು ಅಂತ ಹೇಳ್ಬೇಕು ಮೇಷ್ಟ್ರೇ. ಮೊದಲ ಕರಡು ಬರೆದ ಸಲಹೆಗಾರ ಬೆನಗಲ್ ನರಸಿಂಗ ರಾಯರೂ ಕರಾವಳಿ ಕಡೆಯೋರೇ.

ಪ್ರಶ್ನೆ (ವೈಟ್‌ಫೀಲ್ಡ್, ಐಟಿ ಉದ್ಯೋಗಿ):

ಮೇಡಂ ಈಗ ಎಲ್ಲರ ಕೈಲೂ ಫೋನ್ ಇದೆ, ಆಧಾರ್ ಇದೆ, ಆ್ಯಪಲ್ಲೇ ಕರಡು ಹಾಕಿ ಆ್ಯಪಲ್ಲೇ ಓಟು ತಗೋಬಹುದಲ್ವಾ? ಮತ್ತೆ ಓಟಿಗೇ ಬರ್ದೇ ಇರೋ ಜನರನ್ನ ಹೇಗೆ ಲೆಕ್ಕಕ್ಕೆ ತಗೋಬೇಕು, ನಮ್ಮ ಬೆಂಗಳೂರಿನ ಕಥೆ ಗೊತ್ತಲ್ಲ, ಅರ್ಧ ಜನ ಬರಲ್ಲ.

ಉತ್ತರ:

ಐಸ್‌ಲ್ಯಾಂಡಲ್ಲಿ ನೀವು ಹೇಳಿದ್ದರ ಹತ್ತಿರದ್ದೊಂದು ಆಗಿದೆ. 2008ರಲ್ಲಿ ಬ್ಯಾಂಕುಗಳು ಮುಳುಗಿದ ಮೇಲೆ ಹೊಸ ಸಂವಿಧಾನ ಬೇಕು ಅಂತ 25 ಜನರ ಮಂಡಳಿ ಮಾಡಿದ್ರು, ಅವರು ಕರಡನ್ನ ಹಂತಹಂತವಾಗಿ ಇಂಟರ್ನೆಟ್ಟಲ್ಲಿ ಹಾಕಿ ಫೇಸ್‌ಬುಕ್ಕಲ್ಲೆಲ್ಲ ಜನರ ಮಾತು ಕೇಳಿದ್ರು. 2012ರ ಅಕ್ಟೋಬರ್ 20ಕ್ಕೆ ಓಟು, ಬಂದೋರಲ್ಲಿ ಮೂರರಲ್ಲಿ ಎರಡು ಪಾಲು ಜನ ಈ ಕರಡಿನ ಮೇಲೇ ಹೊಸ ಸಂವಿಧಾನ ಆಗ್ಲಿ ಅಂದ್ರು. ಆದ್ರೆ ಬಂದಿದ್ದು ಮತದಾರರಲ್ಲಿ ಅರ್ಧದಷ್ಟು ಜನ, ಮೇಲಾಗಿ ಆ ಓಟು ಬರೀ ಸಲಹೆ, ಪಾರ್ಲಿಮೆಂಟಿಗೆ ಒಪ್ಪಲೇಬೇಕು ಅಂತಿರ್ಲಿಲ್ಲ. 2013ರಲ್ಲಿ ಅದು ಅಲ್ಲೇ ನಿಂತುಹೋಯ್ತು. ಜನರನ್ನ ಕರೆದು ಕೇಳಿ ಆಮೇಲೆ ಪೆಟ್ಟಿಗೇಲಿ ಇಟ್ರೆ ಅದು ಕೇಳದೇ ಇರೋದಕ್ಕಿಂತ ದೊಡ್ಡ ಅನ್ಯಾಯ ಅಂತ ನನ್ನ ಅಭಿಪ್ರಾಯ.

ಬರದೇ ಇರೋರ ಲೆಕ್ಕಕ್ಕೆ ಟ್ಯುನೀಷಿಯಾ ನೋಡಿ, 2022ರ ಜುಲೈ 25. ಬಿದ್ದ ಓಟಲ್ಲಿ ಶೇ. 94ಕ್ಕೂ ಹೆಚ್ಚು ಬೇಕು ಅಂತ, ಆದ್ರೆ ಓಟಿಗೆ ಬಂದಿದ್ದು ಹತ್ತರಲ್ಲಿ ಮೂರು ಜನ. ಕನಿಷ್ಠ ಇಷ್ಟು ಜನ ಬರ್ಬೇಕು ಅನ್ನೋ ನಿಯಮಾನೇ ಇರ್ಲಿಲ್ಲ, ಅಧ್ಯಕ್ಷರಿಗೆ ಅಧಿಕಾರ ತುಂಬಿಕೊಡೋ ಸಂವಿಧಾನ ಹಾಗೇ ಜಾರಿಗೆ ಬಂತು. ವಿರೋಧ ಪಕ್ಷದೋರು ಬಹಿಷ್ಕಾರ ಹಾಕಿದ್ರಿಂದ ಆ ಸಂಖ್ಯೆ ಇನ್ನೂ ಉಬ್ಬಿ ಕಾಣಿಸ್ತು. ಚಿಲಿಲಿ 2022ರಲ್ಲಿ ಓಟು ಕಡ್ಡಾಯ ಮಾಡಿದ್ರು, ಶೇ. 85ಕ್ಕಿಂತ ಹೆಚ್ಚು ಜನ ಬಂದ್ರು, ಅದಕ್ಕೇ ಅಲ್ಲಿ ಶೇ. 62 ಜನ ಬೇಡ ಅಂದಾಗ ಯಾರೂ ತಕರಾರು ತೆಗೀಲಿಲ್ಲ, ಸೋತೋರೂ ಅದೇ ರಾತ್ರಿ ಒಪ್ಕೊಂಡ್ರು.

ಪ್ರಶ್ನೆ (ರಾಜಾಜಿನಗರ, ಟೈಲರಿಂಗ್ ಅಂಗಡಿ):

ಅಕ್ಕಾ ನಂದು ಸಣ್ಣ ಡೌಟು. ಚಿಲಿಯೋರು ಹೊಸದು ಬೇಕು ಬೇಕು ಅಂತ ಬೀದಿಗಿಳಿದು, ಮತ್ತೆ ಬರೆದುಕೊಟ್ಟಾಗ ಬೇಡ ಅಂದಿದ್ದು ಯಾಕೆ? ಜನಕ್ಕೆ ತಲೆ ಕೆಟ್ಟಿತ್ತಾ?

ಉತ್ತರ:

ಇಲ್ಲ ಕಣಮ್ಮ, ಜನ ಸರಿಯಾಗೇ ಯೋಚ್ನೆ ಮಾಡಿದಾರೆ. 2020ರಲ್ಲಿ ಕೇಳಿದ್ದು ಹೊಸ ಸಂವಿಧಾನ ಬೇಕಾ ಅಂತ, ಶೇ. 78 ಜನ ಹೌದು ಅಂದ್ರು. 2022ರಲ್ಲಿ ಕೇಳಿದ್ದು ಈ ಸಂವಿಧಾನ ಬೇಕಾ ಅಂತ. ಎರಡೂ ಬೇರೆ ಬೇರೆ ಪ್ರಶ್ನೆ. ನಿನ್ನ ಅಂಗಡಿಗೆ ಬಂದೋರು ಬ್ಲೌಸ್ ಬೇಕು ಅಂತಾರೆ, ಆದ್ರೆ ನೀನು ಹೊಲಿದಿದ್ದು ಅಳತೆಗೆ ಕೂರ್ಲಿಲ್ಲ ಅಂದ್ರೆ ತಗೊಳಲ್ಲ ಅಲ್ವಾ, ಹಾಗೇನೇ. ಬರೆದೋರು 155 ಜನ, ಹೆಂಗಸರು ಗಂಡಸರು ಸಮ ಸಮ, ಮೂಲನಿವಾಸಿಗಳಿಗೆ 17 ಸೀಟು, ಅಂಥ ಸಭೆ ಪ್ರಪಂಚದಲ್ಲೇ ಅಪರೂಪ, ನಂಗೆ ಬಹಳ ಆಸೆ ಇತ್ತು ಅದ್ರ ಮೇಲೆ. 388 ವಿಧಿಗಳ ಕರಡು ಬಂತು, ಆರೋಗ್ಯ, ನೀರು, ಮನೆ, ಮೂಲನಿವಾಸಿಗಳ ಹಕ್ಕು, ಗರ್ಭಪಾತದ ಹಕ್ಕು ಎಲ್ಲ ಅದ್ರಲ್ಲೇ. ಒಂದು ಇಷ್ಟ ಆಗಿ ಇನ್ನೊಂದು ಇಷ್ಟ ಆಗದೋರು ಏನ್ ಮಾಡ್ಬೇಕು? ಬಿಡಿಸಿ ಹಾಕೋಕೆ ಬರಲ್ಲ. ಜೊತೆಗೆ ನಿಮ್ಮ ಮನೆ ಕಿತ್ಕೋತಾರೆ ಅನ್ನೋ ಸುಳ್ಳು ಸುದ್ದಿಗಳೂ ಓಡಾಡಿದ್ವು. ಆಮೇಲೆ 2023ರಲ್ಲಿ ಬಲಪಂಥದೋರು ಜಾಸ್ತಿ ಇದ್ದ ಮಂಡಳಿ ಇನ್ನೊಂದು ಬರೆಯಿತು, ಅದನ್ನೂ ಶೇ. 55ಕ್ಕಿಂತ ಹೆಚ್ಚು ಜನ ಬೇಡ ಅಂದ್ರು. ಎರಡು ಸಲನೂ ಬರೆಯೋ ಜಾಗದಲ್ಲಿ ಬಹುಮತ ಇದ್ದೋರು ತಮಗೆ ಬೇಕಾದ್ದೆಲ್ಲ ತುಂಬಿದ್ರು, ಎದುರು ಮನೆಯೋರನ್ನ ಒಪ್ಪಿಸೋ ಕಷ್ಟ ತಗೊಳ್ಲಿಲ್ಲ.

ಪ್ರಶ್ನೆ (ಮತ್ತೆ ವಿಜಯನಗರ):

ತುಂಬಾ ಥ್ಯಾಂಕ್ಸ್ ಮೇಡಂ. ಕೊನೇದು, ನಮ್ಮಲ್ಲಿ ಮುಂದೆ ಯಾರಾದ್ರೂ ಹೊಸ ಸಂವಿಧಾನ ಬರೆದು ಜನಮತಗಣನೆಗೆ ಹಾಕ್ಬಹುದಾ? ಎಕ್ಸಾಮಲ್ಲೂ ಕೇಳಬಹುದು ಅನ್ಸುತ್ತೆ.

ಉತ್ತರ:

ಈಗಿರೋ ಸಂವಿಧಾನದಲ್ಲಿ ಅಂಥ ದಾರಿ ಇಲ್ಲ. 368ನೇ ವಿಧೀಲಿ ತಿದ್ದುಪಡಿ ಮಾತ್ರ ಇದೆ, ಎರಡೂ ಸದನದಲ್ಲಿ ವಿಶೇಷ ಬಹುಮತ ಬೇಕು, ಕೆಲವಕ್ಕೆ ಅರ್ಧದಷ್ಟಾದ್ರೂ ರಾಜ್ಯಗಳ ಶಾಸನಸಭೆಗಳ ಒಪ್ಪಿಗೆ ಬೇಕು, ಜನರ ನೇರ ಓಟು ಎಲ್ಲೂ ಇಲ್ಲ. ಅದ್ರ ಮೇಲೆ 1973ರ ಏಪ್ರಿಲ್ 24ರ ಕೇಶವಾನಂದ ಭಾರತಿ ತೀರ್ಪು, 13 ಜನ ಜಡ್ಜ್‌ಗಳಲ್ಲಿ 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ, ಸಂವಿಧಾನದ ಮೂಲ ಸ್ವರೂಪಾನ, ಅಂದ್ರೆ ಅದರ ಬುನಾದೀನ, ಪಾರ್ಲಿಮೆಂಟೂ ಕೆಡಿಸೋಕಾಗಲ್ಲ ಅಂತಾಯ್ತು. ಕೇಸ್ ಹಾಕಿದ್ದು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ, ಕನ್ನಡದ ಮಠ. ಆ ತೀರ್ಪು ಎಲ್ಲಿವರೆಗೆ ಹೋಗಿದೆ ಅಂದ್ರೆ ಕೀನ್ಯಾದ ಹೈಕೋರ್ಟು 2021ರಲ್ಲಿ ಒಂದು ದೊಡ್ಡ ತಿದ್ದುಪಡಿ ತಡೆಯೋಕೆ ಇದೇ ತತ್ವ ಹಿಡೀತು. 2022ರ ಮಾರ್ಚಲ್ಲಿ ಅವರ ಸುಪ್ರೀಂ ಕೋರ್ಟು ಆ ತಿದ್ದುಪಡೀನ ಬೇರೆ ಕಾರಣಕ್ಕೆ ನಿಲ್ಲಿಸ್ತು, ಆದ್ರೆ ಮೂಲ ಸ್ವರೂಪದ ತತ್ವ ಕೀನ್ಯಾದಲ್ಲಿ ನಡೆಯಲ್ಲ ಅಂತ ಹೇಳ್ತು.

ಎಕ್ಸಾಮಿಗೆ ಇದನ್ನ ಖಂಡಿತ ಬರ್ಕೊಳ್ಳಿ: ತುರ್ತು ಪರಿಸ್ಥಿತಿ ಮುಗಿದ ಮೇಲೆ ಜನತಾ ಸರ್ಕಾರ 1978ರಲ್ಲಿ 45ನೇ ತಿದ್ದುಪಡಿ ಮಸೂದೆ ತಂತು. ಜಾತ್ಯತೀತತೆ, ಪ್ರಜಾಪ್ರಭುತ್ವ, ಮೂಲಭೂತ ಹಕ್ಕು, ನ್ಯಾಯವಾದ ಚುನಾವಣೆ, ಕೋರ್ಟುಗಳ ಸ್ವಾತಂತ್ರ್ಯ ಇವುಗಳಿಗೆ ಕೈ ಹಾಕೋ ತಿದ್ದುಪಡಿ ಆದ್ರೆ ಜನಮತಗಣನೆ ಆಗ್ಲೇಬೇಕು, ಅದ್ರಲ್ಲಿ ಮತದಾರರಲ್ಲಿ ಶೇ. 51 ಜನ ಆದ್ರೂ ಓಟು ಹಾಕಿರ್ಬೇಕು ಅಂತ ಅದ್ರಲ್ಲಿತ್ತು. ಲೋಕಸಭೆ ಒಪ್ತು. ರಾಜ್ಯಸಭೇಲಿ ಆ ಭಾಗ ಬಿದ್ದುಹೋಯ್ತು, ಉಳಿದಿದ್ದು 44ನೇ ತಿದ್ದುಪಡಿ ಆಗಿ ಬಂತು.

ನಿಮ್ಮ ಫ್ರೆಂಡ್‌ಗೆ ಗೋವಾ ಕಥೇನೂ ಹೇಳಿ. 1967ರ ಜನವರಿ 16ಕ್ಕೆ ಮಹಾರಾಷ್ಟ್ರಕ್ಕೆ ಸೇರ್ಬೇಕಾ, ಬೇರೆ ಇರ್ಬೇಕಾ ಅಂತ ಅಲ್ಲಿನ ಜನರನ್ನೇ ಕೇಳಿದ್ರು, 34,021 ಓಟಿನ ಅಂತರದಲ್ಲಿ ಬೇರೆ ಇರ್ತೀವಿ ಅಂದ್ರು. ಪ್ರಶ್ನೆ ಒಂದೇ, ಎರಡು ಉತ್ತರಕ್ಕೂ ಮಾರನೇ ದಿನ ಏನು ಅಂತ ಎಲ್ಲರಿಗೂ ಗೊತ್ತಿತ್ತು, ಸೋತೋರೂ ಅಲ್ಲೇ ಸರ್ಕಾರ ನಡೆಸ್ಕೊಂಡು ಹೋದ್ರು. ನಾಡಿದ್ದು ಶನಿವಾರ ಕೋರ್ಟ್ ಕೆಲಸ ಕಮ್ಮಿ ಇದೆ, 368ನೇ ವಿಧಿ ಬಗ್ಗೆ ಇನ್ನೂ ಪ್ರಶ್ನೆ ಇದ್ರೆ ಇಲ್ಲೇ ಹಾಕಿ.