ಊರಿನ ಗ್ರೂಪಿನಲ್ಲಿ ಆಧಾರ್ ಪಟ್ಟಿ, ಮಕ್ಕಳ ಕಳ್ಳರ ಆಡಿಯೊ: ಹೊಣೆ ಯಾರದು, ಈಗ ಏನು ಮಾಡಬೇಕು?

ಕೈವಾರ_ರಸ್ತೆ (ಚಿಂತಾಮಣಿ ತಾಲ್ಲೂಕು):
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನಾನ್ನೂರು ಚಿಲ್ಲರೆ ಜನ ಇದ್ದಾರೆ. ಹಾಲಿನ ಬಟವಾಡೆ, ಪಂಪ್‌ಸೆಟ್ ಕರೆಂಟಿನ ಟೈಮು, ಟೊಮೆಟೊ ರೇಟು ಎಲ್ಲ ಅದರಲ್ಲೇ ಬರೋದು. ಈ ವಾರ ಎರಡು ತೊಂದರೆ ಆಗಿವೆ. ಪರಿಹಾರದ ಅರ್ಜಿ ಹಾಕಿದವರ ಪಟ್ಟಿ ಅಂತ ಸದಸ್ಯರೊಬ್ಬರು ಒಂದು ಪಿಡಿಎಫ್ ಹಾಕಿದ್ದಾರೆ. ಅದರಲ್ಲಿ ಹೆಸರು, ಆಧಾರ್ ನಂಬರು, ಬ್ಯಾಂಕ್ ಖಾತೆ, ಫೋನ್ ನಂಬರು, ಪಕ್ಕದಲ್ಲೇ ಹೆಬ್ಬೆಟ್ಟಿನ ಗುರುತು ಕೂಡ ಇದೆ. ಎರಡನೆಯದು, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಆಡಿಯೊ ಮತ್ತು ಒಂದು ವಿಡಿಯೊ. ನಾನು ಅಡ್ಮಿನ್. ಹಾಕಿದವರದು ತಪ್ಪಾ, ಫಾರ್ವರ್ಡ್ ಮಾಡಿದವರದಾ, ನನ್ನದಾ? ಅಳಿಸಿಬಿಟ್ಟರೆ ಮುಗಿಯುತ್ತಾ?

ಗೂಡು_ಮಂಡಿ (ಶಿಡ್ಲಘಟ್ಟ):
ಸರ್, ಪಟ್ಟಿಯ ಕೆಲಸ ಮೊದಲು ಮಾಡಿ. ಜನ ಆಡಿಯೊ ಕೇಳಿ ಗಾಬರಿಯಾಗುತ್ತಾರೆ, ಪಟ್ಟಿ ಕಂಡರೆ ತಮ್ಮ ಹೆಸರಿದೆಯಾ ಅಂತ ಮಾತ್ರ ನೋಡುತ್ತಾರೆ. ಆದರೆ ದುಡ್ಡು ಹೋಗೋದು ಪಟ್ಟಿಯಿಂದ.

ಬರೀ ಖಾತೆ ನಂಬರು, ಐಎಫ್‌ಎಸ್‌ಸಿ ಸಿಕ್ಕರೆ ಯಾರೂ ಹಣ ತೆಗೆಯೋಕೆ ಆಗಲ್ಲ. ಆದರೆ ಬ್ಯಾಂಕ್ ಮಿತ್ರರ ಹತ್ತಿರ ಹೆಬ್ಬೆಟ್ಟು ಒತ್ತಿ ಹಣ ತೆಗೆಯುವ ಎಇಪಿಎಸ್‌ಗೆ ಬೇಕಾದದ್ದು ಮೂರೇ: ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳಚ್ಚು. ಒಟಿಪಿ ಇಲ್ಲ, ಪಿನ್ ಇಲ್ಲ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಕಾಗದದ ಮೇಲಿನ ಗುರುತಿನಿಂದ ನಕಲಿ ಬೆರಳಚ್ಚು ತಯಾರಿಸುವ ಕಳ್ಳರಿದ್ದಾರೆ. ಜಮೀನು ನೋಂದಣಿ ದಾಖಲೆಗಳಲ್ಲಿದ್ದ ಹೆಬ್ಬೆಟ್ಟನ್ನು ಹೀಗೆ ಬಳಸಿಕೊಂಡಿದ್ದಾರೆ ಅನ್ನೋ ದೂರುಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬಂದವು. ನಿಮ್ಮ ಪಿಡಿಎಫ್‌ನಲ್ಲಿ ಮೂರೂ ಒಂದೇ ಸಾಲಿನಲ್ಲಿವೆ.

ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಬೇಕು, ಅಂದರೆ ತಮ್ಮ ಬೆರಳಚ್ಚನ್ನು ಯಾರೂ ಬಳಸದಂತೆ ಮುಚ್ಚಿಸಬೇಕು. ಮೈ ಆಧಾರ್ ವೆಬ್‌ಸೈಟಿನಲ್ಲಿ ಅಥವಾ ಆಧಾರ್‌ನ ಅಧಿಕೃತ ಆ್ಯಪಿನಲ್ಲಿ ಒಟಿಪಿ ಹಾಕಿ ಒಳಗೆ ಹೋದರೆ ಲಾಕ್ ಮಾಡುವ ಆಯ್ಕೆ ಸಿಗುತ್ತೆ. ಒಟಿಪಿ ಬರೋದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಮಾತ್ರ. ವಯಸ್ಸಾದವರ ವಿಷಯದಲ್ಲಿ ಕೆಲಸ ನಿಲ್ಲೋದು ಇಲ್ಲೇ. ಹಳೇ ಸಿಮ್ ಕಳೆದಿರುತ್ತೆ, ಆಧಾರ್‌ನಲ್ಲಿ ಅದೇ ನಂಬರು ಉಳಿದಿರುತ್ತೆ. ಅಂಥವರು ಮೊದಲು ಆಧಾರ್ ಕೇಂದ್ರದಲ್ಲಿ ನಂಬರು ಬದಲಿಸಿಕೊಳ್ಳಬೇಕು. ಅಲ್ಲಿಯವರೆಗೆ ಆಧಾರ್ ಮೂಲಕ ಹಣ ತೆಗೆಯುವುದನ್ನು ನಿಲ್ಲಿಸಿ ಅಂತ ಬ್ಯಾಂಕಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಲಿ. ಬ್ಯಾಂಕ್ ಎಸ್ಎಂಎಸ್ ಈಗಿನ ಫೋನಿಗೇ ಬರುತ್ತಿದೆಯಾ ಅನ್ನೋದನ್ನೂ ನೋಡಿಕೊಳ್ಳಲಿ. ಹಳೇ ನಂಬರಿಗೆ ಹೋಗುತ್ತಿದ್ದರೆ ಪಾಸ್‌ಬುಕ್ ಎಂಟ್ರಿ ಹಾಕಿಸೋವರೆಗೆ ಹಣ ಹೋದದ್ದೇ ಗೊತ್ತಾಗಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡಿ. ಲಾಕ್ ಆದಮೇಲೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತಗೊಳ್ಳಲ್ಲ. ಅಂಗಡಿ ಮುಂದೆ ನಿಂತಾಗ ಅದೇ ಆ್ಯಪಿನಲ್ಲಿ ತಾತ್ಕಾಲಿಕವಾಗಿ ತೆರೆಯಬೇಕು, ಸ್ವಲ್ಪ ಹೊತ್ತಿಗೆ ತಾನೇ ಮುಚ್ಚಿಕೊಳ್ಳುತ್ತೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಲಾಕನ್ನೇ ಪೂರ್ತಿ ತೆಗೆಸಿಬಿಡುತ್ತಾರೆ.

ಸರ್ವೆ ನಂಬರು, ಪಹಣಿ ಹೇಗೂ ಭೂಮಿ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತಲ್ಲ, ಇದರಲ್ಲೇನಿದೆ ಅಂತ ಯಾರಾದರೂ ವಾದ ಮಾಡಬಹುದು. ಪಹಣಿಯಲ್ಲಿ ಫೋನ್ ನಂಬರು, ಬ್ಯಾಂಕ್ ಖಾತೆ, ಹೆಬ್ಬೆಟ್ಟು ಇರಲ್ಲ. ಇವೆಲ್ಲ ಒಟ್ಟಿಗೆ ಸಿಕ್ಕರೆ ನಾಳೆ ಫೋನ್ ಮಾಡುವವನು ನಿಮ್ಮ ಹೆಸರು, ಖಾತೆಯ ಕೊನೇ ನಾಲ್ಕು ಅಂಕಿ ತಾನೇ ಹೇಳಿ, ಪರಿಹಾರ ಮಂಜೂರಾಗಿದೆ, ಈ ಆ್ಯಪ್ ಹಾಕ್ಕೊಳ್ಳಿ ಅಂತಾನೆ. ಅವನು ಕಳಿಸೋ ಫೈಲಿನ ಕೊನೆಯಲ್ಲಿ ಎಪಿಕೆ ಅಂತ ಇರುತ್ತೆ. ಇನ್‌ಸ್ಟಾಲ್ ಮಾಡಿ ಎಸ್ಎಂಎಸ್ ಓದೋಕೆ ಅನುಮತಿ ಕೊಟ್ಟರೆ ಒಟಿಪಿಗಳು ಅವನ ಕೈಗೆ ಹೋಗುತ್ತವೆ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ನೋಟಿಸು ಅಂತ ಬರುವ ಎಪಿಕೆಗಳದ್ದೂ ಇದೇ ಕೆಲಸ.

ಬಸ್‌ಸ್ಟ್ಯಾಂಡ್_ಗೌರಿಬಿದನೂರು:
ಅಡ್ಮಿನ್ ಅಂದಮೇಲೆ ಕೇಸು ನಿಮ್ಮ ಮೇಲೇ ಮೊದಲು ಬೀಳೋದು. ಐಟಿ ಕಾಯ್ದೆ 66ಎ ಹಾಕುತ್ತಾರೆ. ಗ್ರೂಪ್ ಮುಚ್ಚಿಬಿಡಿ.

ಕೋರ್ಟ್_ಸರ್ಕಲ್ (ಕೋಲಾರ):
ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಮೆಸೇಜು ಕಳಿಸುವುದನ್ನು ಅಪರಾಧ ಅನ್ನುತ್ತಿದ್ದ 66ಎ ಸೆಕ್ಷನ್ ಈಗ ಇಲ್ಲ. ಅದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದು ಮಾಡಿದೆ. ಹಾಗಂತ ಏನು ಬೇಕಾದರೂ ಹಂಚಬಹುದು ಅಂತಲ್ಲ. ಹಳೇ ಐಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 353ನೇ ಸೆಕ್ಷನ್ ಸುಳ್ಳು ಮಾಹಿತಿ, ವದಂತಿಗಳ ಬಗ್ಗೆ ಇದೆ. ಅದರಲ್ಲಿ ಹುಟ್ಟಿಸಿದವರು ಮಾತ್ರವಲ್ಲ, ಪ್ರಕಟಿಸಿದವರು, ಹರಡಿದವರು ಎಲ್ಲರೂ ಬರುತ್ತಾರೆ, ಎಲೆಕ್ಟ್ರಾನಿಕ್ ಮಾಧ್ಯಮವೂ ಸೇರಿದೆ. ಜನರಲ್ಲಿ ಭಯ ಹುಟ್ಟಿಸಿ ಶಾಂತಿ ಕದಡುವಂಥದ್ದಾದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ನಿಜವೆಂದು ನಂಬಲು ತಕ್ಕ ಕಾರಣವಿದ್ದು, ಕೆಟ್ಟ ಉದ್ದೇಶವಿಲ್ಲದೆ ಹೇಳಿದವರಿಗೆ ಅದರಲ್ಲೇ ವಿನಾಯಿತಿ ಇದೆ. ಆದರೆ ‘ಬಂದದ್ದನ್ನು ಹಾಗೇ ಕಳಿಸಿದ್ದೇನೆ’ ಅಂತ ಕೆಳಗೆ ಬರೆದ ಮಾತ್ರಕ್ಕೆ ಆ ಕಾರಣ ಹುಟ್ಟುವುದಿಲ್ಲ. ಪರಿಶೀಲಿಸಲಿಲ್ಲ ಅನ್ನುವುದನ್ನು ಅದು ನೀವೇ ಒಪ್ಪಿಕೊಂಡಂತೆ.

ಅಡ್ಮಿನ್ ವಿಷಯಕ್ಕೆ ಬಂದರೆ, ಬೇರೆ ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ತಾನಾಗಿಯೇ ಅಪರಾಧಿಯಾಗುವುದಿಲ್ಲ ಅಂತ 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಮೆಸೇಜು ಬೀಳುವ ಮುಂಚೆ ಅಡ್ಮಿನ್ ಅದನ್ನು ತಡೆಯಲಾರರು ಅನ್ನುವುದು ಅದರ ಹಿಂದಿನ ಕಾರಣ. ಇವು ಬೇರೆ ರಾಜ್ಯಗಳ ಹೈಕೋರ್ಟುಗಳ ತೀರ್ಪು, ಅಷ್ಟು ನೆನಪಿರಲಿ. ನೀವೂ ಅದರಲ್ಲಿ ಕೈಜೋಡಿಸಿದರೆ, ಹೊಗಳಿದರೆ, ಮುಂದಕ್ಕೆ ಕಳಿಸಿದರೆ ಮಾತು ಬೇರೆ. ಗ್ರೂಪ್ ಮುಚ್ಚುವ ಅಗತ್ಯವಿಲ್ಲ. ಮುಚ್ಚಿದರೆ ತಿದ್ದುಪಡಿ ಹೇಳುವ ದಾರಿಯೂ ಮುಚ್ಚುತ್ತೆ.

ಮಕ್ಕಳ ಕಳ್ಳರ ವಿಡಿಯೊವನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. 2018ರಲ್ಲಿ ದೇಶವೆಲ್ಲ ಸುತ್ತಿದ್ದ, ಬೈಕಿನಲ್ಲಿ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆ ಮಾಡಿದ ವಿಡಿಯೊದ ತುಂಡು. ಮಗುವನ್ನು ವಾಪಸ್ ತಂದುಬಿಡುವ ಕೊನೇ ಭಾಗ ಕತ್ತರಿಸಿದ್ದರು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥ ವದಂತಿ ನಂಬಿದ ಗುಂಪು ಅಮಾಯಕರನ್ನು ಹೊಡೆದು ಕೊಂದಿತು. ಊರಿಗೆ ಬರುವ ಬಟ್ಟೆ ವ್ಯಾಪಾರಿ, ಬೇರೆ ಭಾಷೆಯ ಕೂಲಿಯವರು, ದಾರಿ ತಪ್ಪಿದ ಮಾನಸಿಕ ಅಸ್ವಸ್ಥರು, ಇವರೇ ಮೊದಲು ಸಿಕ್ಕಿಬೀಳೋದು.

ನಿಜಕ್ಕೂ ಅನುಮಾನವಿದ್ದರೆ 112ಕ್ಕೆ ಫೋನ್ ಮಾಡಿ. ಯಾರದೋ ಫೋಟೋ ತೆಗೆದು ‘ಇವನೇ ಕಳ್ಳ’ ಅಂತ ಗ್ರೂಪಿಗೆ ಮಾತ್ರ ಹಾಕಬೇಡಿ.

ಲೆನ್ಸ್_ನೋಡಿ (ತುಮಕೂರು):
ವಿಡಿಯೊ ಪರೀಕ್ಷಿಸೋದು ಕಷ್ಟವಲ್ಲ. ಮೆಸೇಜಿನ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಅಂತ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸೋಕೆ ಆಗೋದು, ಇಷ್ಟಾದರೂ ಜನ ಒಂದೊಂದಾಗಿ ಕಳಿಸ್ತಾರೆ. ಮುಖ, ಬೋರ್ಡು ಅಥವಾ ಗಾಡಿ ನಂಬರು ಸ್ಪಷ್ಟವಾಗಿ ಕಾಣುವ ಕಡೆ ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ. ಮೂರು ನಾಲ್ಕು ಕಡೆಯ ಚಿತ್ರ ಹಾಕಿ ನೋಡಿ, ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತೆ. ಆಡಿಯೊ ಹೀಗೆ ಹುಡುಕೋಕೆ ಆಗಲ್ಲ, ಅದಕ್ಕೇ ವದಂತಿ ಹಬ್ಬಿಸೋರು ಆಡಿಯೊ ಆರಿಸಿಕೊಳ್ಳೋದು. ಅದರಲ್ಲಿ ತಾರೀಖು, ಊರು, ಠಾಣೆ ಹೆಸರು ಇದೆಯಾ ನೋಡಿ. ‘ನಮ್ಮ ಪಕ್ಕದೂರಲ್ಲಿ ನಿನ್ನೆ’ ಅಂತಷ್ಟೇ ಇದ್ದರೆ ಆ ಆಡಿಯೊ ಯಾವ ಜಿಲ್ಲೆಗೆ ಹೋದರೂ ಹೊಂದಿಕೊಳ್ಳುತ್ತೆ.

ಕಾಣೆಯಾದ ಮಗುವಿನ ಪೋಸ್ಟ್ ಬಂದಾಗಲೂ ಅಷ್ಟೇ. ಮಗು ಸಿಕ್ಕಿ ವರ್ಷಗಳಾದರೂ ಫೋಟೋ ತಿರುಗುತ್ತಲೇ ಇರುತ್ತೆ. ದೌರ್ಜನ್ಯಕ್ಕೆ ಒಳಗಾದ ಮಗುವಿನದ್ದಾದರೆ ಹೆಸರು, ಶಾಲೆ, ಮನೆ, ಫೋಟೋ ಯಾವುದನ್ನೂ ಹಂಚುವಂತಿಲ್ಲ, ಅನುಕಂಪದಿಂದ ಹಂಚಿದರೂ ಅದು ಅಪರಾಧವೇ.

ಕೈವಾರ_ರಸ್ತೆ:
ತುಂಬಾ ಉಪಕಾರ ಆಯಿತು. ಅಳಿಸಿದರೆ ಸಾಕ್ಷಿ ಹೋಗಲ್ಲವಾ? ಪಿಡಿಎಫ್ ಆಗಲೇ ಪಕ್ಕದೂರಿನ ಗ್ರೂಪಿಗೂ ಹೋಗಿದೆ.

ಗೂಡು_ಮಂಡಿ:
ಮೊದಲು ಸ್ಕ್ರೀನ್‌ಶಾಟ್. ಕಳಿಸಿದವರ ನಂಬರು, ತಾರೀಖು, ಸಮಯ ಕಾಣಬೇಕು. ಮೂಲ ಮೆಸೇಜು ಬಂದ ಫೋನನ್ನು ರೀಸೆಟ್ ಮಾಡಬೇಡಿ, ಕೇಸಾದರೆ ಅದೇ ಬೇಕಾಗೋದು. ಆಮೇಲೆ ಮೆಸೇಜನ್ನು ಒತ್ತಿ ಹಿಡಿದು ಎಲ್ಲರಿಗೂ ಅಳಿಸಿ, ಅಡ್ಮಿನ್‌ಗೆ ಬೇರೆಯವರ ಮೆಸೇಜು ಅಳಿಸೋ ಅಧಿಕಾರ ಇದೆ. ಹಾಕಿದವರು ತಾವೇ ಅಳಿಸೋದಾದರೆ ಎರಡು ದಿನ ದಾಟಿ ಸ್ವಲ್ಪ ಹೊತ್ತಿನವರೆಗೆ ಮಾತ್ರ ಆಗುತ್ತೆ, ಅದಕ್ಕೇ ಇವತ್ತೇ ಹೇಳಿ. ಬೇರೆ ಕಡೆ ಹೋದ ಪ್ರತಿ ಇದರಿಂದ ಅಳಿಯಲ್ಲ. ಒಂದೆರಡು ದಿನ ಅಡ್ಮಿನ್‌ಗಳು ಮಾತ್ರ ಮೆಸೇಜು ಹಾಕುವಂತೆ ಸೆಟ್ಟಿಂಗ್ ಬದಲಿಸಿ, ಇಲ್ಲದಿದ್ದರೆ ‘ಏನಾಗಿತ್ತು, ಮತ್ತೆ ಹಾಕಿ’ ಅಂತ ಯಾರಾದರೂ ಕೇಳ್ತಾರೆ, ಇನ್ಯಾರೋ ಹಾಕ್ತಾರೆ.

ಯಾರದಾದರೂ ಹಣ ಹೋಗಿದ್ದರೆ ಠಾಣೆಗೆ ಹೊರಡೋ ಮೊದಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ. ಹಣ ಮುಂದಿನ ಖಾತೆಗೆ ದಾಟೋ ಮುಂಚೆ ತಡೆಹಿಡಿಯೋಕೆ ಸಾಧ್ಯ. ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೂ ಬರೆದುಕೊಟ್ಟು ಸ್ವೀಕೃತಿ ತಗೊಳ್ಳಲಿ, ಆಮೇಲೆ ಜಿಲ್ಲೆಯ ಸೆನ್ (ಸೈಬರ್ ಅಪರಾಧ ನೋಡುವ) ಪೊಲೀಸ್ ಠಾಣೆಗೆ ಹೋಗಲಿ.

ಪಕ್ಕದೂರಿನ ಅಡ್ಮಿನ್‌ಗೆ ನೀವೇ ಫೋನ್ ಮಾಡಿ, ಆಮೇಲೆ ಹೀಗೆ ಬರೆದು ಕಳಿಸಿ: ‘ಅರ್ಜಿದಾರರ ಪಟ್ಟಿ ಅಂತ ಬಂದಿರುವ ಪಿಡಿಎಫ್‌ನಲ್ಲಿ ಜನರ ಆಧಾರ್ ಮತ್ತು ಹೆಬ್ಬೆಟ್ಟಿನ ಗುರುತು ಇವೆ. ದಯವಿಟ್ಟು ಅಳಿಸಿ, ಫೋನಿನ ಡೌನ್‌ಲೋಡ್ ಫೋಲ್ಡರಿನಿಂದಲೂ ತೆಗೆಯಿರಿ. ಮುಂದಕ್ಕೆ ಕಳಿಸಿದ್ದರೆ ಅಲ್ಲಿಗೂ ಇದನ್ನು ತಿಳಿಸಿ.’ ಫೈಲಿನ ಹೆಸರು, ಬಂದ ತಾರೀಖು ಸೇರಿಸಿದರೆ ಹುಡುಕೋಕೆ ಸುಲಭ. ಗುರುತು ಸಿಗಲಿ ಅಂತ ಪಟ್ಟಿಯ ಫೋಟೋ ಮಾತ್ರ ಜೊತೆಗೆ ಹಾಕಬೇಡಿ.