ಉಜ್ಜಿ ಸವೆದದ್ದೋ, ಉಪ್ಪು ತಿಂದದ್ದೋ? ಎರಡಕ್ಕೂ ಸೇರಿ ಒಂದು ಪದ ಬೇಕಾಗಿದೆ

ಸಮುದ್ರದ ನೀರಿನಲ್ಲಿ ದುಡಿಯುವ ಲೋಹಗಳ ಬಗ್ಗೆ ಲೇಖನ ಬರೆಯುತ್ತಾ 'ಟ್ರೈಬೊಕರೋಷನ್' ಎಂಬಲ್ಲಿ ಬಂದು ನಿಂತಿದ್ದೇನೆ. ಲೋಹ ಒಂದೇ ಹೊತ್ತಿಗೆ ಉಜ್ಜಾಟಕ್ಕೂ ಉಪ್ಪುನೀರಿನ ರಾಸಾಯನಿಕ ದಾಳಿಗೂ ಸಿಕ್ಕಿ ಕ್ಷಯಿಸುವುದಕ್ಕೆ ಆ ಹೆಸರು. 'ಸವೆತ ಮತ್ತು ತುಕ್ಕು' ಎಂದು ಬರೆದು ಮುಂದೆ ಹೋಗಬಹುದಿತ್ತು, ಮನಸ್ಸು ಒಪ್ಪಲಿಲ್ಲ.

ಕಾರಣ, ಮಲ್ಪೆಯಲ್ಲಿ ಕಂಡ ಒಂದು ಶಾಫ್ಟು. ಮಳೆಗಾಲದ ಮೀನುಗಾರಿಕೆ ನಿಷೇಧದ ಸಮಯ. ದಡಕ್ಕೆ ಎಳೆದಿದ್ದ ಬೋಟಿನ ಫ್ಯಾನು (ಪ್ರೊಪೆಲ್ಲರಿಗೆ ಅಲ್ಲಿ ಹಾಗೇ ಅನ್ನುವುದು) ಬಿಚ್ಚಿ ಶಾಫ್ಟನ್ನು ಹೊರಗೆ ಇಟ್ಟಿದ್ದರು. ಸ್ಟೇನ್‌ಲೆಸ್ ಸ್ಟೀಲು. ಬೇರಿಂಗ್ ಕೂರುವ ಕಡೆ ಸುತ್ತಲೂ ಹಳ್ಳ, ಉಗುರು ಸಿಕ್ಕಿಕೊಳ್ಳುವಷ್ಟು. ಆದರೆ ಅಲ್ಲಿ ತುಕ್ಕಿನ ಬಣ್ಣವೇ ಇಲ್ಲ, ಬೇರೆಲ್ಲ ಕಡೆಗಿಂತ ಅಲ್ಲೇ ಹೊಳಪು ಹೆಚ್ಚು. "ಬರೀ ತಿರುಗಿದ್ರೆ ಇಷ್ಟು ಹೋಗುದಿಲ್ಲ ಮಾರಾಯ್ರೆ, ಉಪ್ಪು ತಿಂದಿದೆ" ಅಂದರು ಕೆಲಸದವರು.

ಅವರ ಮಾತು ಸರಿ. ಸ್ಟೇನ್‌ಲೆಸ್ ಸ್ಟೀಲಿನ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ಪೊರೆ ಇರುತ್ತದೆ, ದಪ್ಪ ಕೆಲವೇ ನ್ಯಾನೊಮೀಟರ್. ಉಜ್ಜಿದಾಗ ಅದು ಕಿತ್ತುಹೋಗುತ್ತದೆ. ಲೋಹ ತನ್ನನ್ನೇ ಸ್ವಲ್ಪ ಖರ್ಚು ಮಾಡಿ ಹೊಸ ಪೊರೆ ಕಟ್ಟಿಕೊಳ್ಳುತ್ತದೆ, ಮರುಸುತ್ತಿನಲ್ಲಿ ಅದೂ ಹೋಗುತ್ತದೆ. ಕಿಲೋಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲ ನೀರಿನ ಕ್ಲೋರೈಡು ಪೊರೆ ಕೂಡಿಕೊಳ್ಳಲು ಬಿಡದೆ ಕಾಡುತ್ತದೆ. ಹೀಗಾಗಿ ಒಟ್ಟು ನಷ್ಟ, ಸವೆತ ಮತ್ತು ರಾಸಾಯನಿಕ ಕ್ರಿಯೆ ಬೇರೆ ಬೇರೆಯಾಗಿ ಮಾಡುವ ನಷ್ಟಗಳ ಮೊತ್ತಕ್ಕಿಂತ ಹೆಚ್ಚಾಗಬಹುದು. 'ಸವೆತ ಮತ್ತು ತುಕ್ಕು' ಅಂದರೆ ಬರೀ ಕೂಡುವ ಲೆಕ್ಕವಾಯಿತು. ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡುವುದು ಅದರಲ್ಲಿ ಕಾಣುವುದಿಲ್ಲ.

ಇರುವ ಪದಗಳನ್ನು ನೋಡಿದೆ. 'ತುಕ್ಕು' ಕಬ್ಬಿಣದ್ದು, 'ಕಿಲುಬು' ತಾಮ್ರ ಹಿತ್ತಾಳೆಯದು. 'ಸವಕಳಿ'ಯನ್ನು ಲೆಕ್ಕಪತ್ರದವರು ತೆಗೆದುಕೊಂಡಿದ್ದಾರೆ. 'ನಶಿಸುವಿಕೆ' ತೀರಾ ಅಗಲ, ಕಾಡೂ ನಶಿಸುತ್ತದೆ, ಭಾಷೆಯೂ ನಶಿಸುತ್ತದೆ. ನನಗೆ ಹಿಡಿಸಿದ್ದು 'ತಿನ್ನು'. ಕರೋಷನ್‌ನ ಮೂಲವಾದ ಲ್ಯಾಟಿನ್ 'ರೋಡೆರೆ'ಗೂ ಕಡಿ, ಮೆಲ್ಲು ಎಂದೇ ಅರ್ಥ. 'ಟ್ರೈಬೊ' ಗ್ರೀಕಿನ ಉಜ್ಜುವಿಕೆ. ಆದರೆ 'ತಿನ್ನು'ವಿನಿಂದ ಚೊಕ್ಕ ನಾಮಪದ ಹುಟ್ಟುತ್ತಿಲ್ಲ.

ಸದ್ಯ ಕೈಯಲ್ಲಿರುವುದು ಎರಡು. 'ಉಜ್ಜುಗೊರೆತ': ಮಳೆಗಾಲದಂತೆ ಆದೇಶಸಂಧಿ, ಕಡಲ್ಕೊರೆತದ ನೆನಪೂ ಬರುತ್ತದೆ, ಆದರೆ ಉಪ್ಪಿನ ಪಾಲು ಬಿಟ್ಟುಹೋಗುತ್ತದೆ. ಇನ್ನೊಂದು 'ಪೊರೆಸವೆತ'. ಪೊರೆ ಎಂದರೆ ತೆಳು ಪದರ, ಪೊರೆ ಎಂದರೆ ಕಾಪಾಡು ಕೂಡ. ಈ ಪದರ ಮಾಡುವುದೂ ಅದನ್ನೇ. ನನ್ನ ಒಲವು ಇದರ ಕಡೆಗೆ. ಪೊರೆ ಮಾತ್ರ ಸವೆಯಿತು, ಲೋಹ ಉಳಿಯಿತು ಎಂದು ಓದುಗರು ತಿಳಿದಾರೆಯೇ ಎಂಬುದೊಂದೇ ಅಳುಕು.

ಕಾರವಾರದಿಂದ ಮಂಗಳೂರಿನವರೆಗೆ ಬೋಟು ರಿಪೇರಿ ಬಲ್ಲವರು ಯಾರಾದರೂ ಇದ್ದರೆ ತಿಳಿಸಿ: "ಉಪ್ಪು ತಿಂದಿದೆ" ಎನ್ನುವವರು ಆ ಹಳ್ಳಕ್ಕೆ ಏನೆನ್ನುತ್ತಾರೆ? ತುಳು, ಕೊಂಕಣಿಯ ಮಾತಾದರೂ ಆದೀತು.